ಸಲಹೆ ಕೊಡುವವನಿಗೂ ಸನದು ಬೇಕು

ವೈದ್ಯವಿದ್ಯೆ ತಿಳಿಯದೆ ಚಿಕಿತ್ಸೆಗೆ ಕೈಹಾಕಿದವನು ಅದರಿಂದಾಗುವ ಹಾನಿಗೆ ತಾನೇ ಹೊಣೆಗಾರನಾಗುತ್ತಾನೆ ಎಂಬ ಆಶಯದ ಪ್ರವಾದಿವಚನವನ್ನು ಅಬೂದಾವೂದ್, ನಸಾಈ ಮತ್ತು ಇಬ್ನು ಮಾಜಃ ವರದಿ ಮಾಡಿದ್ದಾರೆ. ಮದ್ರಸದಲ್ಲಿ ಇದನ್ನು ಓದುವಾಗ ಇದು ಹಕೀಮರಿಗೂ ನಾಟಿ ವೈದ್ಯರಿಗೂ ಸಂಬಂಧಿಸಿದ ಮಾತೆಂದು ತಿಳಿದಿದ್ದೆ. ನನ್ನ ಮೇಲೂ ಬರುವ ಮಾತೆಂದು ತಿಳಿದದ್ದು ಶಹಾಬಾದಿನ ಒಬ್ಬ ಸಹೋದರರಿಂದ.

ಅವರು ಫರಸಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು. ಹಲವು ವರ್ಷಗಳಿಂದ ದಿನವೂ ಕುಡಿಯುತ್ತಿದ್ದರು. ರಮಝಾನ್ ಸಮೀಪಿಸಿದಾಗ ಅವರ ಪತ್ನಿ ಕಣ್ಣೀರಿಡುತ್ತಾ ನಮ್ಮ ಮನೆಗೆ ಬಂದರು. ನಾನು ಅವರನ್ನು ಮಸೀದಿಗೆ ಕರೆಸಿ, ಕೈಹಿಡಿದು ತೌಬಾ ಮಾಡಿಸಿದೆ. ಆ ಮನುಷ್ಯ ಪ್ರಾಮಾಣಿಕ. ಅಂದೇ ಬಿಟ್ಟರು. ಮೂರನೆಯ ದಿನ ಕೈಕಾಲು ನಡುಗತೊಡಗಿತು. ನಿದ್ದೆ ಇಲ್ಲ, ಗೋಡೆಯ ಮೇಲೆ ಯಾರೋ ಇದ್ದಾರೆಂದು ಅವರೊಡನೆ ಮಾತು. ಜಿನ್ನಿನ ಬಾಧೆಯೆಂದು ಬಗೆದು ನಾನು ನೀರಿಗೆ ದಮ್ ಮಾಡಿ ಕುಡಿಸುತ್ತಾ ಒಂದು ರಾತ್ರಿಯನ್ನೇ ಕಳೆದೆ. ಬೆಳಗಾಗುವಾಗ ಸೆಳೆತ ಬಂತು. ಕಲಬುರಗಿಗೆ ಒಯ್ದೆವು. ಅಲ್ಲಾಹನ ಕೃಪೆಯಿಂದ ಬದುಕಿಕೊಂಡರು. ದಿನವೂ ಹೆಚ್ಚು ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಸೆಳೆತ, ಭ್ರಮೆ, ಕೆಲವೊಮ್ಮೆ ಮರಣವೂ ಸಂಭವಿಸಬಹುದು, ಆ ದಿನಗಳನ್ನು ವೈದ್ಯರ ಕಣ್ಣೆದುರೇ ಕಳೆಯಬೇಕು ಎಂದು ಅಲ್ಲಿನ ವೈದ್ಯರು ಹೇಳಿದರು. ಬಿಡಿಸಿದ್ದು ತಪ್ಪಲ್ಲ, ಬಿಡಿಸುವ ರೀತಿ ತಿಳಿಯದೆ ಬಿಡಿಸಿದ್ದು ತಪ್ಪು.

ನಾವು ಸನದಿನ ಬೆಲೆ ಅರಿತ ಸಮುದಾಯ. ಹದೀಸ್ ಹೇಳುವವನನ್ನು ಯಾರಿಂದ ಕೇಳಿದೆ ಎಂದು ಪ್ರಶ್ನಿಸಿದವರು ನಮ್ಮ ಹಿರಿಯರು. ಉಸ್ತಾದರ ಇಜಾಝತ್ ಇಲ್ಲದೆ ಪಾಠ ಹೇಳಲು ಕುಳಿತವನನ್ನು ಇಂದಿಗೂ ನಾವು ಒಪ್ಪುವುದಿಲ್ಲ. ಆದರೆ ವ್ಯಸನಿಯ ವಿಷಯ ಬಂದಾಗ ಮಾತ್ರ ಗಡ್ಡ ಬೆಳೆದವರೆಲ್ಲ ಸಲಹೆಗಾರರೇ!

ವ್ಯಸನಮುಕ್ತಿಯ ಸಲಹೆಗಾರಿಕೆ ಇಂದು ಕಲಿತು, ಪರೀಕ್ಷೆ ಕೊಟ್ಟು ಮಾಡುವ ಉದ್ಯೋಗ. ಚೆನ್ನೈನ ಟಿ.ಟಿ. ರಂಗನಾಥನ್ ಪ್ರತಿಷ್ಠಾನ 1980ರಿಂದ ಈ ಕ್ಷೇತ್ರದಲ್ಲಿದ್ದು ಸಲಹೆಗಾರರಿಗೆ ತರಬೇತಿ ಕೊಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿಯೂ ತರಬೇತಿಯಿದೆ. ಏಷ್ಯಾ ರಾಷ್ಟ್ರಗಳ ಕೊಲಂಬೊ ಯೋಜನೆಯವರು ನಿಗದಿತ ಪಠ್ಯಕ್ರಮ ಮುಗಿಸಿದವರಿಗೆ ಪರೀಕ್ಷೆ ನಡೆಸಿ ಹಂತ ಹಂತವಾಗಿ ಪ್ರಮಾಣಪತ್ರ ನೀಡುತ್ತಾರೆ. ನಮ್ಮ ದೇಶದ 2021ರ ಆರೋಗ್ಯ ವೃತ್ತಿಗಳ ಕಾಯ್ದೆಯು ಸಲಹೆಗಾರರನ್ನೂ ಸಮಾಜಕಾರ್ಯಕರ್ತರನ್ನೂ ತನ್ನ ಪಟ್ಟಿಯೊಳಗೆ ತಂದಿದೆ. ಅಗತ್ಯ ಎಷ್ಟಿದೆಯೆಂದರೆ, 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತು.

ಇನ್ನು, ಸ್ವತಃ ಚಟದಿಂದ ಹೊರಬಂದವರ ಸಂಗತಿ. ಇವರ ಮಾತು ವ್ಯಸನಿಗೆ ನಾಟುವಷ್ಟು ನಮ್ಮ ಖುತ್ಬಾ ನಾಟದು. ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳಲ್ಲಿ ಕುಡಿತ ಬಿಟ್ಟವರು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರಿ ಒಬ್ಬರನ್ನೊಬ್ಬರು ಎತ್ತಿ ಹಿಡಿಯುತ್ತಾರೆ. ಒಳ್ಳೆಯದು ಯಾರಲ್ಲಿದ್ದರೂ ಕಲಿಯಲು ನಮಗೆ ಸಂಕೋಚವಿರಬಾರದು. ಸರಕಾರದ ನೆರವಿನ ವ್ಯಸನಮುಕ್ತಿ ಕೇಂದ್ರಗಳಲ್ಲಿಯೂ ಇಂಥವರಿಗೆ ಸ್ಥಾನವಿದೆ.

ಆದರೆ ಚಟ ಬಿಟ್ಟ ಮಾತ್ರಕ್ಕೆ ಈ ಕೆಲಸ ಬಂದುಬಿಡುವುದಿಲ್ಲ. ನಮ್ಮ ಶಹಾಬಾದಿನ ಸಹೋದರರೇ ಇದಕ್ಕೆ ಸಾಕ್ಷಿ. ಗುಣವಾದ ಮೇಲೆ ಅವರು ವಾಡಿ, ಚಿತ್ತಾಪುರದವರೆಗೂ ಹೋಗಿ ಕುಡುಕರ ಮನೆಯ ಬಾಗಿಲು ತಟ್ಟಿದರು. ಇಬ್ಬರು ಬಿಟ್ಟರು ಕೂಡ. ಮೂರನೆಯವನು ತನ್ನ ಮನೆಯ ಗುಟ್ಟನ್ನು ಇವರೊಡನೆ ತೋಡಿಕೊಂಡ. ಇವರು ಅದನ್ನು ಚಹಾದ ಹೋಟೆಲಿನಲ್ಲಿ ಉದಾಹರಣೆಯಾಗಿ ಹೇಳಿದರು. ಆ ಮನುಷ್ಯ ಮರುದಿನವೇ ಬಾಟಲಿಗೆ ಮರಳಿದ. ಸಹೋದರನ ಲೋಪವನ್ನು ಮುಚ್ಚುವುದು ನಮ್ಮ ಧರ್ಮದಲ್ಲಿ ಪುಣ್ಯಕರ್ಮ, ಈ ವೃತ್ತಿಯಲ್ಲಿ ಅದೇ ಮೊದಲ ನಿಯಮ. ಎಲ್ಲಿ ಕೇಳಬೇಕು, ಎಲ್ಲಿ ಸುಮ್ಮನಿರಬೇಕು, ಯಾವಾಗ ವೈದ್ಯರಿಗೆ ಒಪ್ಪಿಸಬೇಕು ಎಂಬುದನ್ನು ತರಬೇತಿಯಲ್ಲಿ ಕಲಿಸುತ್ತಾರೆ.

ಬುಖಾರಿಯಲ್ಲಿ ಒಂದು ಘಟನೆ ಇದೆ. ಪದೇ ಪದೇ ಕುಡಿದು ಶಿಕ್ಷೆಗೊಳಗಾಗುತ್ತಿದ್ದ ಒಬ್ಬರನ್ನು ಯಾರೋ ಶಪಿಸಿದಾಗ ಪ್ರವಾದಿವರ್ಯರು(ಸ) ತಡೆದರು. ಆತನಿಗೆ ಅಲ್ಲಾಹ್ ಮತ್ತು ರಸೂಲರ ಮೇಲೆ ಪ್ರೀತಿಯಿದೆ ಎಂದು ತಿಳಿಸಿದರು. ಶಿಕ್ಷೆ ರದ್ದಾಗಲಿಲ್ಲ, ಮದ್ಯ ಹಲಾಲ್ ಆಗಲಿಲ್ಲ. ಆದರೂ ಬಾಗಿಲು ಮುಚ್ಚಲಿಲ್ಲ. ಮತ್ತೆ ಜಾರಿದವನನ್ನು ಕಂಡು ಬೇಸರಿಸುವವರು ಈ ಹದೀಸನ್ನು ಓದಲಿ.

ಸೇಡಂ, ಚಿಂಚೋಳಿ, ವಾಡಿಯ ಜಮಾಅತ್‌ಗಳು ಬೈತುಲ್‌ಮಾಲ್‌ನಿಂದ ಪ್ರತಿ ಊರಿನ ಒಬ್ಬ ಯುವಕನನ್ನೂ ಒಬ್ಬ ಯುವತಿಯನ್ನೂ ಈ ತರಬೇತಿಗೆ ಕಳಿಸಬಾರದೇ? ಯುವತಿ ಏಕೆಂದರೆ, ಕುಡುಕನ ಪತ್ನಿ ತನ್ನ ಮೈಮೇಲಿನ ಪೆಟ್ಟನ್ನು ನನಗೆ ತೋರಿಸಲಾರಳು. ಅಲ್ಲಿಯವರೆಗೆ ವ್ಯಸನಮುಕ್ತಿಗಾಗಿ 14446, ಮಾನಸಿಕ ಕ್ಷೋಭೆಗೆ 14416 ಎಂಬ ಉಚಿತ ದೂರವಾಣಿ ಸಂಖ್ಯೆಗಳನ್ನು ಮಸೀದಿಯ ಹಲಗೆಯ ಮೇಲೆ ಬರೆದಿಡಬಹುದು.

ಹೋಟೆಲಿನ ಘಟನೆಯ ನಂತರ ನಮ್ಮ ಸಹೋದರರು ತಲೆ ತಗ್ಗಿಸಿಕೊಂಡು ನನ್ನ ಬಳಿ ಬಂದಿದ್ದರು. ತರಬೇತಿಯ ವಿಷಯ ತಿಳಿಸಿದೆ. "ಮೌಲವಿ ಸಾಬ್, ನಾ ಏಳನೇ ತನಕ ಓದೀನ್ರಿ, ನನಗ ತೊಗೋತಾರೇನ್ರಿ?" ಎಂದು ಕೇಳಿದರು. ಇಬ್ಬರೂ ಕೂಡಿ ವಿಚಾರಿಸೋಣ, ನನಗೂ ಕಲಿಯುವುದಿದೆ ಎಂದೆ.