ಅಕ್ಕನ ಕಿವಿಗೆ ಮೈಸೂರು

ಮೊಣಕಾಲು ನೋವಿರುವವರನ್ನು ಗೈಡ್ ಹಿಂದೆ ಕಳಿಸಬಾರದು. ಗೈಡು ಹೆಜ್ಜೆ ಹಾಕುವುದು ಗುಂಪಿನ ಚುರುಕಿನವರ ಲೆಕ್ಕಕ್ಕೆ. ಹಿಂದೆ ಬಿದ್ದವರು ಏದುಸಿರು ಬಿಡುತ್ತಾ ಹತ್ತಿರ ಬರುವಷ್ಟರಲ್ಲಿ ಕಥೆ ಮುಗಿದು, ಗುಂಪು ಮುಂದಿನ ಕಟ್ಟಡಕ್ಕೆ ಹೊರಟಿರುತ್ತದೆ. ಮೈಸೂರಿನಲ್ಲಿ ತಾನು ಚೆನ್ನಾಗಿ ನೋಡಿರುವುದು ಮುಂದೆ ಹೋಗುವವರ ಬೆನ್ನು ಮಾತ್ರ ಎಂದು ನಮ್ಮಕ್ಕ ಹೇಳಿಕೊಂಡು ನಗುತ್ತಾಳೆ. ಅವಳಿಗೋಸ್ಕರವೇ ನಾನು ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ, ತುಂಡುತುಂಡಾಗಿ ವಾಟ್ಸ್‌ಆ್ಯಪ್‌ಗೆ ಹಾಕಿ, ಹಳೇ ಮೈಸೂರಿನ ನಡುಭಾಗವನ್ನು ಸುತ್ತಿಸುವ ಉಸಾಬರಿಗೆ ಕೈಹಾಕಿದ್ದು. ಒಂದು ಆಡಿಯೊ ಕೇಳಬೇಕು, ಆ ಜಾಗ ನೋಡಬೇಕು, ಸುಸ್ತಾದರೆ ಕೂರಬೇಕು, ಮನಸ್ಸಾದಾಗ ಮುಂದಿನದನ್ನು ಒತ್ತಬೇಕು. ಅಷ್ಟೇ ವ್ಯವಸ್ಥೆ.

ತುಮಕೂರಿನ ಸದಾಶಿವನಗರದಲ್ಲಿ ಕೂತು ಮೈಸೂರನ್ನು ರೆಕಾರ್ಡ್ ಮಾಡುವುದಕ್ಕೆ ಬೆಳಗಿನ ಜಾವವೇ ಆಗಬೇಕು. ಹಾಲಿನವನು ಬಂದ ಮೇಲೆ ಗೇಟಿನ ಸದ್ದು, ಆಮೇಲೆ ಕುಕ್ಕರಿನ ಸೀಟಿ, ಅದರ ಹಿಂದೆಯೇ ಕಸದ ಗಾಡಿಯ ಹಾಡು. ಹೇಳಬೇಕಾದ್ದನ್ನು ಬರೆದುಕೊಂಡು ಓದಿದರೆ ಪ್ರದೇಶ ಸಮಾಚಾರದಂತೆ ಕೇಳಿಸುತ್ತದೆ, ಕೇಳುವವರು ನಡೆಯುವುದನ್ನು ಬಿಟ್ಟು ನಿದ್ದೆಗೆ ಜಾರುತ್ತಾರೆ. ಹಾಗಾಗಿ ಒಂದು ಚೀಟಿಯಲ್ಲಿ ಇಸವಿ, ಹೆಸರು ಮಾತ್ರ ಇಟ್ಟುಕೊಂಡು, ಅಕ್ಕನಿಗೆ ಫೋನು ಮಾಡಿದ್ದೇನೆ ಎಂದುಕೊಂಡೇ ಮಾತಾಡುತ್ತೇನೆ. (1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಖಾಸಗಿ ಆಕಾಶವಾಣಿ ಶುರು ಮಾಡಿದ್ದೂ ಮೈಸೂರಿನ ಒಂದು ಮನೆಯಿಂದಲೇ. ಅವರ ಮನೆಯಲ್ಲಿ ಕುಕ್ಕರಿನ ಕಾಟ ಇರಲಿಲ್ಲ.)

ಮೈಸೂರಿಗೆ ಮೊದಲು ಮನೆಹತ್ತಿರದ ಕೈದಾಳದಲ್ಲಿ ಒಂದು ಪ್ರಯೋಗ ಮಾಡಿದೆವು. ಗೂಳೂರಿನ ಪಕ್ಕದ ಊರು. ಅಲ್ಲಿನ ಚೆನ್ನಕೇಶವನ ಗುಡಿಗೆ ಹೋಗುವವರೆಲ್ಲ ಜಕಣಾಚಾರಿಯ ಕಥೆ ಕೇಳಲಿಕ್ಕೆಂದೇ ಹೋಗುವುದು. ಬೇಲೂರಿನಲ್ಲಿ ಮಗ ಡಂಕಣ ತೋರಿಸಿದ ಕಪ್ಪೆ, ಅಪ್ಪ ಕತ್ತರಿಸಿಕೊಂಡ ಕೈ, ಕೈದಾಳದಲ್ಲಿ ಅದು ಮರಳಿ ಬಂದದ್ದು ಎಲ್ಲ ಸ್ವಾರಸ್ಯವಾಗಿದೆ. ಆದರೆ ಶಾಸನದ ಪ್ರಕಾರ ಗುಡಿ ಕಟ್ಟಿಸಿದವನು ಹೊಯ್ಸಳ ನರಸಿಂಹನ ಸಾಮಂತ ಬಾಚಿ, ಕಾಲ 1150. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಎರಡೂ ಕೆಡುತ್ತವೆ. ಕಥೆಯನ್ನು ಜಗಲಿ ಮೇಲೆ ಕೂತಾಗ ಕೇಳುವಂತೆ ಒಂದು ಆಡಿಯೊ, ಬಾಚಿಯನ್ನು ಕಂಬಗಳ ನಡುವೆ ನಿಂತಾಗ ಕೇಳುವಂತೆ ಇನ್ನೊಂದು, ಹೀಗೆ ಬೇರೆ ಮಾಡಿದ ಮೇಲೆ ಜೊತೆಗೆ ಬಂದಿದ್ದ ಮಕ್ಕಳೂ ಶಾಸನ ಎಲ್ಲಿದೆ ಎಂದು ಹುಡುಕಿಕೊಂಡು ಹೋದವು. ನಡೆಯುವಾಗ ಏನೂ ಹೇಳಬಾರದು ಎನ್ನುವುದೂ ಅಲ್ಲೇ ಗೊತ್ತಾಯಿತು. ನೆಲ ನೋಡಿಕೊಂಡು ಕಾಲಿಡುವವರಿಗೆ ಹೊಯ್ಸಳರು ಯಾಕೆ ಬೇಕು?

ಮೈಸೂರಿನ ನಡಿಗೆಯನ್ನು ಅರಮನೆಯ ಉತ್ತರ ಬಾಗಿಲಿಂದ ಆರಂಭಿಸಿದೆ. ಅರಮನೆಯ ಒಳಗನ್ನು ಪೂರ್ತಿ ಬಿಟ್ಟುಬಿಟ್ಟೆ, ಅಲ್ಲಿ ಅವರದೇ ಆಡಿಯೊ ಗೈಡ್ ಇದೆ. ಹೊರಗೆ ಬೀದಿಯಲ್ಲಿ ಎಡಗಡೆ, ಬಲಗಡೆ ಎನ್ನುವ ಮಾತು ನಡೆಯುವುದಿಲ್ಲ. ಕೇಳುವವರು ಯಾವ ಕಡೆಗೆ ಮುಖ ಮಾಡಿ ನಿಂತಿದ್ದಾರೋ ಹೇಳುವವನಿಗೆ ಕಾಣುವುದಿಲ್ಲವಲ್ಲ. ‘ಬೇಕರಿ ಪಕ್ಕ’ ಎಂದರೆ ಮುಂದಿನ ವರ್ಷಕ್ಕೆ ಬೇಕರಿ ಮೊಬೈಲ್ ಅಂಗಡಿಯಾಗಿರುತ್ತದೆ. ಅದಕ್ಕೆ ಜಾಗ ಬಿಟ್ಟು ಕದಲದವರನ್ನೇ ಗುರುತಿಗೆ ಹಿಡಿದೆ. ‘ಕೋಟೆ ಆಂಜನೇಯಸ್ವಾಮಿಗೆ ಕೈಮುಗಿದೆಯಾ ಅಕ್ಕ? ಈಗ ಅರಮನೆ ಬೆನ್ನಿಗಿರಲಿ. ಎದುರಿಗೆ ಮಂಟಪದೊಳಗೆ ನಿಂತಿರೋರು ಚಾಮರಾಜೇಂದ್ರ ಒಡೆಯರು. ಜಂಬೂಸವಾರಿ ಹೊರಗೆ ಬರೋದು ನೀನು ನಿಂತಿರೋ ಕಡೆಯಿಂದಲೇ.’ ಇಷ್ಟು ಸಾಕು, ದಾರಿ ತಪ್ಪುವ ಮಾತಿಲ್ಲ.

ಇಸವಿಗಳ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಕು. ಒಂದು ನಿಲುಗಡೆಗೆ ಒಂದೋ ಎರಡೋ ಇಸವಿ, ಅದೂ ಮನೆಯವರ ವಿಚಾರ ಹೇಳಿದ ಹಾಗೆ. 1897ರಲ್ಲಿ ಮದುವೆ ಮನೆಯ ಗಡಿಬಿಡಿಯಲ್ಲಿ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ಹೊಸದನ್ನು 1912ಕ್ಕೆ ಮುಗಿಸಿಕೊಟ್ಟ, ಖರ್ಚು 41 ಲಕ್ಷ ದಾಟಿತು. ಅಲ್ಲಿಯವರೆಗೆ ರಾಜಮನೆತನ ಇದ್ದದ್ದು 1861ರ ಜಗನ್ಮೋಹನ ಅರಮನೆಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು 1902ರಲ್ಲಿ ಅಧಿಕಾರ ವಹಿಸಿಕೊಂಡದ್ದೂ ಅಲ್ಲೇ. ಆ ಆಳ್ವಿಕೆಗೆ ಇಪ್ಪತ್ತೈದು ತುಂಬಿದಾಗ, 1927ರಲ್ಲಿ, ದೊಡ್ಡ ಗಡಿಯಾರ ಎದ್ದು ನಿಂತಿತು. ಹೀಗೆ ಒಬ್ಬರ ಬದುಕಿನ ದಾರಕ್ಕೆ ಪೋಣಿಸಿದರೆ ಅಕ್ಕನಿಗೆ ಒಂದೂ ಮರೆಯುವುದಿಲ್ಲ. ನಮ್ಮ ನೆಂಟರ ಮದುವೆ, ಗೃಹಪ್ರವೇಶಗಳನ್ನು ಅವಳು ನೆನಪಿಟ್ಟುಕೊಳ್ಳುವುದೂ ಹೀಗೆಯೇ.

ದೊಡ್ಡ ಗಡಿಯಾರದ ಮುಂದೆ ನನ್ನ ಮಾತು ಬಹಳ ಚಿಕ್ಕದು: ‘ಗಂಟೆ ಎಷ್ಟು ಅಂತ ನೋಡಬೇಡ, ಅಂಕಿ ನೋಡು.’ ಆಮೇಲೆ ಸ್ವಲ್ಪ ಹೊತ್ತು ಸದ್ದಿಲ್ಲ. ಮುಖಫಲಕದ ಮೇಲಿರುವುದು ಕನ್ನಡ ಅಂಕಿ. ಎಷ್ಟೋ ದಸರಾಗೆ ಅದರ ಕೆಳಗೇ ಹಾದುಹೋಗಿರುವ ಭಾವ, ‘ಅರೆ, ಏಳು ಕನ್ನಡದ್ದು!’ ಎಂದು ಕೂಗಿದರು. ಇದನ್ನು ನಾನೇ ಬಾಯಿಬಿಟ್ಟು ಹೇಳಿದ್ದರೆ ‘ಹೌದಾ’ ಎಂದು ಮುಂದೆ ಹೋಗಿರುತ್ತಿದ್ದರು. ಅಂದಿನಿಂದ ಪ್ರತಿ ಆಡಿಯೊದಲ್ಲೂ ಒಂದನ್ನಾದರೂ ಹುಡುಕಲು ಹೇಳಿ ಸುಮ್ಮನಾಗುತ್ತೇನೆ.

ದೇವರಾಜ ಮಾರುಕಟ್ಟೆಯಲ್ಲಿ ಸುಮ್ಮನಾಗದೆ ಬೇರೆ ದಾರಿಯೇ ಇಲ್ಲ. ಮುಂದೆ ಚಿಕ್ಕ ಗಡಿಯಾರದ ಬಳಿ, ಅದು 1886ರಲ್ಲಿ ಡಫರಿನ್ ಬಂದುಹೋದ ನೆನಪಿಗೆ ಕಟ್ಟಿದ್ದು ಎಂದು ಹೇಳಿ, ಒಳಗೆ ಹೋಗುವಾಗ ಇಯರ್‌ಫೋನ್ ತೆಗೆದಿಡು ಎಂದುಬಿಡುತ್ತೇನೆ. ಕುಂಕುಮದ ಗೋಪುರ, ವೀಳ್ಯದೆಲೆಯ ಕಟ್ಟು, ಮೊಳ ಹಾಕುತ್ತಿರುವ ಮಲ್ಲಿಗೆ, ‘ಬನ್ನಿ ಅಕ್ಕಾ, ಕೊನೇ ಮಾರು’ ಎನ್ನುವ ಕೂಗು. ಇವುಗಳ ಜೊತೆ ಪೈಪೋಟಿಗಿಳಿಯಲು ನನ್ನ ದನಿಗೆ ಏನು ಯೋಗ್ಯತೆ? ಅಕ್ಕ ಹೂವಿನವಳ ಹತ್ತಿರ ಚೌಕಾಸಿ ಮುಗಿಸಿ ಹೊರಬಂದ ಮೇಲೆ ಮುಂದಿನ ಆಡಿಯೊ: ‘ಈಗ ತಲೆ ಎತ್ತು. ಗೋಡೆ ಬಿರುಕಲ್ಲಿ ಅರಳಿ ಸಸಿ ಇದೆಯಾ ನೋಡು. ಇದ್ದರೆ ಅಲ್ಲಿ ನೀರು ಇಳೀತಿದೆ ಅಂತ ಅರ್ಥ.’ ಸುಣ್ಣದ ಗಾರೆ, ಮರದ ತೊಲೆಯ ಮೇಲೆ ಇಟ್ಟಿಗೆ ಹಾಸಿದ ಮದರಾಸ್ ತಾರಸಿ, ಇವು ಆ ಕಾಲದ ಕೆಲಸ. ಸೂರು ಸೋರದಂತೆ ನೋಡಿಕೊಂಡರೆ ತಲೆಮಾರುಗಟ್ಟಲೆ ಬಾಳುತ್ತವೆ. ನೀರು ಒಳಗಿಳಿದರೆ ತೊಲೆ ಕೊಳೆಯುತ್ತದೆ, ಗಾರೆ ಬಿಡುತ್ತದೆ, ಬಿರುಕಿಗೆ ಹಕ್ಕಿ ಹಾಕಿದ ಬೀಜ ಮೊಳೆತು ಬೇರು ಗೋಡೆಯನ್ನು ಸೀಳುತ್ತದೆ. ಈ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿಯಿತು. ಅದಕ್ಕೂ ಮೊದಲು, 2012ರಲ್ಲಿ, ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ಜೀವಹಾನಿಯಾಯಿತು, ಅಲ್ಲಿನ ಅಂಗಡಿಗಳು ಖಾಲಿಯಾದವು. ಕೆಡವಬೇಕೋ ಉಳಿಸಬೇಕೋ ಎಂಬ ಜಗಳಕ್ಕೆ ನಾನು ಆಡಿಯೊದಲ್ಲಿ ಹೋಗುವುದಿಲ್ಲ. ಅರಳಿ ಸಸಿಯೊಂದನ್ನು ತೋರಿಸಿದರೆ ಉಳಿಸಿಕೊಳ್ಳುವ ಕೆಲಸ ಎಲ್ಲಿಂದ ಶುರುವಾಗಬೇಕಿತ್ತು ಎಂಬುದು ನೋಡಿದವರಿಗೇ ಹೊಳೆಯುತ್ತದೆ.

ರೆಕಾರ್ಡಿಗೆ ಒಂದು ದೊಡ್ಡ ಕೊರತೆಯಿದೆ, ಅದಕ್ಕೆ ವಯಸ್ಸಾಗುವುದಿಲ್ಲ. ಊರಿಗೆ ಆಗುತ್ತದೆ. ಲ್ಯಾನ್ಸ್‌ಡೌನ್‌ನಲ್ಲಿ ವ್ಯಾಪಾರ ನಡೆಯುತ್ತಿದ್ದ ಕಾಲದಲ್ಲಿ ಯಾರಾದರೂ ಇಂಥದ್ದೊಂದು ಆಡಿಯೊ ಮಾಡಿಟ್ಟಿದ್ದರೆ, ಅದು ಈಗಲೂ ‘ಬನ್ನಿ, ಅಂಗಡಿ ಸಾಲು ನೋಡೋಣ’ ಎಂದೇ ಕರೆಯುತ್ತಿತ್ತು. ಆದ್ದರಿಂದ ಪ್ರತಿ ತುಂಡಿನ ಮೊದಲಿಗೆ ತಿಂಗಳು, ವರ್ಷ ಹೇಳುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ತುಂಡುಗಳನ್ನು ಚಿಕ್ಕದಾಗಿಟ್ಟರೆ ಬದಲಾದದ್ದನ್ನು ಮಾತ್ರ ಮತ್ತೆ ಮಾಡಿದರಾಯಿತು, ಉದ್ದಕ್ಕೆ ಒಂದೇ ತುಂಡಾಗಿ ಮಾಡಿದರೆ ಎಲ್ಲವನ್ನೂ ಹೊಸದಾಗಿ ಮಾಡಬೇಕು. ಫೋನಿಗೆ ಮನೆಯಲ್ಲೇ ಇಳಿಸಿಕೊಂಡು ಹೊರಡಬೇಕು, ಬಿಸಿಲಿಗೆ ಮುಂಚೆ ಸುತ್ತು ಮುಗಿಸಬೇಕು, ರಸ್ತೆ ದಾಟುವಾಗ ಒಂದು ಕಿವಿ ಖಾಲಿ ಇರಬೇಕು. ಇವನ್ನು ಹೇಳದಿದ್ದರೂ ನಡೆಯುತ್ತಿತ್ತು, ಆದರೆ ಸಯ್ಯಾಜಿರಾವ್ ರಸ್ತೆಯ ಆಟೋಗಳನ್ನು ನೋಡಿದವರು ಹೇಳದೆ ಬಿಡಲಾರರು.

ಟೌನ್ ಹಾಲಿನ ಮುಂದಿನ ಆಡಿಯೊದಲ್ಲಿ, ಇದು ದಿವಾನ್ ರಂಗಾಚಾರ್ಲು ಅವರ ನೆನಪಿಗೆ 1884ರಲ್ಲಿ ಆದದ್ದು, 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ತಂದವರು ಅವರು ಎಂದು ಹೇಳಿದ್ದೆ. ಭಾವ ಗುಬ್ಬಿಯವರು. ‘ನಮ್ಮ ಗುಬ್ಬಿ ಕಂಪನಿ ಹುಟ್ಟಿದ್ದೂ 1884, ಅದನ್ನ ಯಾಕೆ ಹೇಳಲಿಲ್ಲ?’ ಎಂದು ತಕರಾರು ತೆಗೆದರು. ಕುರುಕ್ಷೇತ್ರ ನಾಟಕಕ್ಕೆ ವೀರಣ್ಣನವರು ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದದ್ದು, ಚನ್ನಬಸವೇಶ್ವರನ ಜಾತ್ರೆ ಎಲ್ಲ ಸೇರಿಸಿ ಗುಬ್ಬಿಗೂ ಒಂದು ಮಾಡು ಎಂದು ದುಂಬಾಲು ಬಿದ್ದಿದ್ದಾರೆ. ನಿಮ್ಮೂರನ್ನು ನೀವೇ ಹೇಳಬೇಕು ಭಾವ, ನಾನು ಫೋನು ಹಿಡಿದುಕೊಳ್ಳುತ್ತೇನೆ ಎಂದಿದ್ದೇನೆ. ಸದ್ಯಕ್ಕೆ ಅವರು ಕೆಮ್ಮು ವಾಸಿಯಾಗಲಿ ಎಂದು ಮುಂದೂಡುತ್ತಿದ್ದಾರೆ, ಅಕ್ಕ ಮಾತ್ರ ಚೀಟಿಯಲ್ಲಿ ಇಸವಿಗಳನ್ನು ಬರೆದಿಡಲು ಶುರುಮಾಡಿದ್ದಾಳೆ.