ಆವಿಯಾಗುವಿಕೆಯ ಪಾಠಕ್ಕೆ ಯೇಲ್ ದೋಣಿ ತಂಡದ ಇತಿಹಾಸ

ಒಂಬತ್ತನೇ ತರಗತಿಯಲ್ಲಿ ‘ಆವಿಯಾಗುವಿಕೆಯಿಂದ ತಂಪು’ ಬೋಧಿಸುವಾಗ ಮಡಕೆಯ ನೀರಿನ ಉದಾಹರಣೆ ಕೊಡುತ್ತೇವೆ. ಅದರ ಜೊತೆಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ದೋಣಿ ತಂಡಗಳ ಇತಿಹಾಸವನ್ನೂ ಬಳಸಬಹುದು.

ಪೀಠಿಕೆ: ಕಪ್ಪುಹಲಗೆಯ ಮೇಲೆ ಕಾಲರೇಖೆ.
1852 – ಯೇಲ್ ಮತ್ತು ಹಾರ್ವರ್ಡ್ ದೋಣಿ ಸ್ಪರ್ಧೆ. ಅಮೆರಿಕದ ಮೊದಲ ಅಂತರ ಕಾಲೇಜು ಕ್ರೀಡಾ ಸ್ಪರ್ಧೆ.
1969 – ಯೇಲ್ ಪದವಿ ತರಗತಿಗಳಿಗೆ ಹೆಣ್ಣುಮಕ್ಕಳ ಪ್ರವೇಶ.
1972 – ‘ಟೈಟಲ್ ನೈನ್’ ಕಾನೂನು. ಕೇಂದ್ರ ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯ ನಿಷೇಧ.

ವಿಷಯ ನಿರೂಪಣೆ: ಕಾನೂನು ಬಂದು ನಾಲ್ಕು ವರ್ಷವಾದರೂ ನದಿದಡದ ದೋಣಿಮನೆಯಲ್ಲಿ ಸ್ನಾನದ ಸೌಲಭ್ಯ ಪುರುಷರಿಗೆ ಮಾತ್ರ ಇತ್ತು. ಅವರ ಸ್ನಾನ ಮುಗಿಯುವವರೆಗೆ ಮಹಿಳಾ ತಂಡದವರು ಚಳಿಗಾಲದಲ್ಲೂ ಒದ್ದೆ ಬಟ್ಟೆಯಲ್ಲೇ ಬಸ್ಸಿನಲ್ಲಿ ಕಾಯಬೇಕಿತ್ತು.

ಪ್ರಶ್ನೆ: ಒಣ ಬಟ್ಟೆಗಿಂತ ಒದ್ದೆ ಬಟ್ಟೆಯಲ್ಲಿ ಚಳಿ ಹೆಚ್ಚೇಕೆ?
ನಿರೀಕ್ಷಿತ ಉತ್ತರ: ನೀರು ಆವಿಯಾಗಲು ಬೇಕಾದ ಗುಪ್ತೋಷ್ಣವನ್ನು ದೇಹದಿಂದ ಹೀರಿಕೊಳ್ಳುತ್ತದೆ; ಒಂದು ಗ್ರಾಂ ನೀರಿಗೆ ಸುಮಾರು 2,400 ಜೂಲ್.

1976ರ ಮಾರ್ಚ್ 3ರಂದು ತಂಡದ 19 ಮಂದಿ ಬೆನ್ನ ಮೇಲೆ ‘ಟೈಟಲ್ ನೈನ್’ ಎಂದು ಬರೆದುಕೊಂಡು ಕ್ರೀಡಾಧಿಕಾರಿಯ ಕಚೇರಿಯಲ್ಲಿ ಪ್ರತಿಭಟಿಸಿದರು. ನಾಯಕಿ ಕ್ರಿಸ್ ಅರ್ನ್ಸ್ಟ್ ಮನವಿ ಓದಿದರು. ಸುದ್ದಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂತು. ಬಳಿಕ ಮಹಿಳೆಯರಿಗೂ ಸೌಲಭ್ಯ ಒದಗಿತು.

ಮೌಲ್ಯಮಾಪನ: ನಮ್ಮ ಶಾಲೆಯಲ್ಲಿ ಆಟದ ನಂತರ ಹುಡುಗಿಯರಿಗೆ ಬಟ್ಟೆ ಬದಲಿಸುವ ಕೊಠಡಿ, ನೀರು, ಚಿಲಕವಿರುವ ಬಾಗಿಲು ಇವೆಯೇ? ಗುಂಪುಗಳಲ್ಲಿ ಪಟ್ಟಿ ಮಾಡಿಸಿ.

ಬೋಧಕರಿಗೆ ಸೂಚನೆ: ಆ ಪಟ್ಟಿಯನ್ನು ನೋಟ್‌ಬುಕ್ಕಿನಲ್ಲೇ ಬಿಡದೆ ಮುಖ್ಯೋಪಾಧ್ಯಾಯರಿಗೆ ತಲುಪಿಸಬೇಕು. ಹುಡುಗಿಯರ ತಂಡ ಕಟ್ಟಿದರಷ್ಟೇ ಸಾಲದು. ಆಟ ಮುಗಿದ ಮೇಲಿನ ಅರ್ಧ ಗಂಟೆಯೂ ಸಮಾನತೆಯ ಲೆಕ್ಕಕ್ಕೆ ಸೇರುತ್ತದೆ.