ಜರ್ಮನಿ ದುಡಿದಿದ್ದೆಷ್ಟು, ಖರ್ಚು ಮಾಡಿದ್ದೆಷ್ಟು? ಒಟ್ಟು ರಾಷ್ಟ್ರೀಯ ವೆಚ್ಚದ ಒಂದು ಸಣ್ಣ ಪಾಠ



ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಇಲ್ಲಿ ಮಾಸ್ಟರ್ಸ್‌ಗೆ ಬಂದಮೇಲೆ ಅರ್ಥಶಾಸ್ತ್ರದ ಒಂದು ಪೇಪರ್ ತಗೊಂಡೆ. ಸೆಮಿನಾರ್‌ನಲ್ಲಿ ನನ್ನ ಪಾಲಿಗೆ ಬಂದ ವಿಷಯ ಜರ್ಮನಿಯ ಒಟ್ಟು ರಾಷ್ಟ್ರೀಯ ವೆಚ್ಚ. ವಿಶ್ವಬ್ಯಾಂಕಿನ ಅಂಕಿಅಂಶ ಇಳಿಸಿಕೊಂಡು ಗ್ರಾಫ್ ಹಾಕಿದೆ. 1991ರಲ್ಲಿ 100ರ ಹತ್ತಿರ ಇದ್ದ ಗೆರೆ 2015ಕ್ಕೆ ಸುಮಾರು 92ಕ್ಕೆ ಇಳಿದಿತ್ತು. "ಜರ್ಮನ್ನರು ವರ್ಷದಿಂದ ವರ್ಷಕ್ಕೆ ಖರ್ಚು ಕಡಿಮೆ ಮಾಡ್ತಾ ಬಂದಿದ್ದಾರೆ" ಅಂತ ಧೈರ್ಯವಾಗಿ ಹೇಳಿಬಿಟ್ಟೆ. ಪ್ರೊಫೆಸರ್ ಕೇಳಿದ್ದು ಒಂದೇ ಪ್ರಶ್ನೆ: "ಇದು ಯಾವುದರಲ್ಲಿ ಶೇಕಡಾ 92?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ದಿನ ಆದ ಮುಜುಗರದಿಂದ ಕಲಿತದ್ದನ್ನು ಇಲ್ಲಿ ಹಂಚಿಕೊಳ್ತಿದ್ದೇನೆ.

ಮೊದಲು ಅರ್ಥ ಮಾಡ್ಕೊಳ್ಳೋಣ

ಒಟ್ಟು ರಾಷ್ಟ್ರೀಯ ವೆಚ್ಚ ಅಂದ್ರೆ ಒಂದು ದೇಶದೊಳಗೆ ಒಂದು ವರ್ಷದಲ್ಲಿ ಆಗುವ ಮೂರು ಬಗೆಯ ಖರ್ಚಿನ ಮೊತ್ತ. ಒಂದು, ಮನೆಗಳ ಖರ್ಚು: ಬಾಡಿಗೆ, ಊಟ, ಬಟ್ಟೆ, ಬಸ್ಸು. ಎರಡು, ಸರ್ಕಾರದ ಬಳಕೆಯ ಖರ್ಚು: ಶಿಕ್ಷಕರ ಸಂಬಳ, ಆರೋಗ್ಯ ಸೇವೆ, ಆಡಳಿತ. ಮೂರು, ಬಂಡವಾಳ ಹೂಡಿಕೆ: ಯಂತ್ರ, ಕಾರ್ಖಾನೆ, ಮನೆ, ಸೇತುವೆ, ಜೊತೆಗೆ ದಾಸ್ತಾನಿನಲ್ಲಿ ಆಗುವ ಬದಲಾವಣೆ.

ಇದಕ್ಕೂ ಜಿಡಿಪಿಗೂ ಏನು ವ್ಯತ್ಯಾಸ? ಜಿಡಿಪಿ ಅಂದ್ರೆ ದೇಶ ಉತ್ಪಾದಿಸಿದ್ದು. ಒಟ್ಟು ರಾಷ್ಟ್ರೀಯ ವೆಚ್ಚ ಅಂದ್ರೆ ದೇಶ ತಾನೇ ಕೊಂಡು ಬಳಸಿದ್ದು, ಅದು ಎಲ್ಲಿ ತಯಾರಾಗಿದ್ದರೂ ಸರಿ. ಜರ್ಮನಿಯಲ್ಲಿ ಮಾಡಿ ಅಮೆರಿಕಕ್ಕೆ ಮಾರಿದ ಕಾರು ಜಿಡಿಪಿಯಲ್ಲಿ ಇರುತ್ತೆ, ವೆಚ್ಚದಲ್ಲಿ ಇರಲ್ಲ. ಚೀನಾದಲ್ಲಿ ಮಾಡಿ ಇಲ್ಲಿ ನಾವು ಕೊಂಡ ಫೋನು ವೆಚ್ಚದಲ್ಲಿ ಇರುತ್ತೆ, ಇಲ್ಲಿನ ಜಿಡಿಪಿಯಲ್ಲಿ ಇರಲ್ಲ. ಸೂತ್ರ ಸುಲಭ:

ಒಟ್ಟು ರಾಷ್ಟ್ರೀಯ ವೆಚ್ಚ = ಜಿಡಿಪಿ − ರಫ್ತು + ಆಮದು

ಇದನ್ನು ಜಿಡಿಪಿಯ ಶೇಕಡಾವಾರು ಲೆಕ್ಕದಲ್ಲಿ ಹೇಳುವುದು ರೂಢಿ. 100ಕ್ಕಿಂತ ಜಾಸ್ತಿ ಇದ್ದರೆ ದೇಶ ತಾನು ಉತ್ಪಾದಿಸಿದ್ದಕ್ಕಿಂತ ಹೆಚ್ಚು ಬಳಸಿದೆ ಅಂತ ಅರ್ಥ. ಕಡಿಮೆ ಇದ್ದರೆ ಉಳಿದದ್ದನ್ನು ಹೊರಗಿನವರಿಗೆ ಮಾರಿದೆ. ಭಾರತದ ಸಂಖ್ಯೆ ಬಹುತೇಕ ವರ್ಷ 100ಕ್ಕಿಂತ ಸ್ವಲ್ಪ ಮೇಲೆ, ಯಾಕಂದ್ರೆ ನಮ್ಮ ಆಮದು ರಫ್ತಿಗಿಂತ ಜಾಸ್ತಿ.

ನಾನು ಮಾಡಿದ ತಪ್ಪು ಈಗ ಗೊತ್ತಾಯ್ತಲ್ಲ? ಶೇಕಡಾ 92 ಅನ್ನುವುದು ಅನುಪಾತ, ಮೊತ್ತ ಅಲ್ಲ. 1991ರಿಂದ 2015ರ ಹೊತ್ತಿಗೆ ಜರ್ಮನಿಯ ಖರ್ಚಿನ ಮೊತ್ತ ಏರಿತ್ತು, ಆದರೆ ಉತ್ಪಾದನೆ ಅದಕ್ಕಿಂತ ವೇಗವಾಗಿ ಏರಿತ್ತು. ಸಂಬಳ 50 ಸಾವಿರ ಇದ್ದಾಗ ಪೂರ್ತಿ ಖರ್ಚು ಮಾಡ್ತಿದ್ದವನು, ಸಂಬಳ ಲಕ್ಷ ಆದಮೇಲೆ 92 ಸಾವಿರ ಖರ್ಚು ಮಾಡಿದ ಹಾಗೆ. ಅವನ ಖರ್ಚು ಕಡಿಮೆಯಾಯ್ತು ಅಂತ ಯಾರೂ ಹೇಳಲ್ಲ.

ನಾಲ್ಕು ಘಟ್ಟಗಳು

ಮೊದಲನೆಯದು 1990ರ ದಶಕ. 1990ರ ಅಕ್ಟೋಬರ್ 3ರಂದು ಎರಡು ಜರ್ಮನಿ ಒಂದಾದವು. ಪೂರ್ವ ಭಾಗದ ರಸ್ತೆ, ದೂರವಾಣಿ, ಮನೆ ಎಲ್ಲವನ್ನೂ ಹೊಸದಾಗಿ ಕಟ್ಟಬೇಕಿತ್ತು. ಜಿಡಿಪಿಯಲ್ಲಿ ಹೂಡಿಕೆಯ ಪಾಲು ಸುಮಾರು ಕಾಲು ಭಾಗ ಇತ್ತು. ವೆಚ್ಚದ ಅನುಪಾತ 100ರ ಆಸುಪಾಸಿನಲ್ಲೇ ನಿಂತಿತ್ತು. 1991ರಿಂದ 2000ದವರೆಗೆ ದೇಶದ ಚಾಲ್ತಿ ಖಾತೆ ಕೊರತೆಯಲ್ಲಿತ್ತು. ಇವತ್ತಿನ ಜರ್ಮನಿ ನೋಡಿದವರಿಗೆ ನಂಬೋದು ಕಷ್ಟ.

ಎರಡನೆಯದು 2000ದಿಂದ 2008. ಕಟ್ಟಡ ಕೆಲಸದ ಭರಾಟೆ ಮುಗಿಯಿತು, ನಿರುದ್ಯೋಗ ಏರಿತು. 2005ರ ಆರಂಭದಲ್ಲಿ ನಿರುದ್ಯೋಗಿಗಳ ಸಂಖ್ಯೆ 50 ಲಕ್ಷ ದಾಟಿತ್ತು. 2003ರಲ್ಲಿ ಚಾನ್ಸೆಲರ್ ಗೆರ್ಹಾರ್ಡ್ ಶ್ರೋಡರ್ 'ಅಜೆಂಡಾ 2010' ಸುಧಾರಣೆ ಘೋಷಿಸಿದರು. ಸಂಬಳದ ಏರಿಕೆ ನಿಧಾನ ಇತ್ತು, ಹಾಗಾಗಿ ಮನೆಗಳ ಖರ್ಚೂ ನಿಧಾನವಾಯ್ತು. ಅದೇ ಹೊತ್ತಿಗೆ ಯೂರೋ ಬಂತು, ಚೀನಾ ಮತ್ತು ಪೂರ್ವ ಯೂರೋಪಿನ ಮಾರುಕಟ್ಟೆ ತೆರೆಯಿತು. ಜಿಡಿಪಿಯ ಲೆಕ್ಕದಲ್ಲಿ ರಫ್ತು 2000ದಲ್ಲಿ ಸುಮಾರು ಶೇ. 31 ಇದ್ದದ್ದು 2008ರ ಹೊತ್ತಿಗೆ ಶೇ. 43ರ ಆಸುಪಾಸಿಗೆ ಬಂತು. ವೆಚ್ಚದ ಅನುಪಾತ 100ರಿಂದ 94ರ ಹತ್ತಿರಕ್ಕೆ ಇಳಿಯಿತು.

ಇದೇ ಸಮಯದಲ್ಲಿ ಗ್ರೀಸ್ ದೇಶದ ಅನುಪಾತ 2008ಕ್ಕೆ 110 ದಾಟಿತ್ತು. ಒಬ್ಬರ ಉಳಿಕೆ ಇನ್ನೊಬ್ಬರ ಕೊರತೆ. ಜರ್ಮನಿಯಲ್ಲಿ ಉಳಿದ ಹಣ ಸಾಲ ಮತ್ತು ಹೂಡಿಕೆಯಾಗಿ ಹೊರದೇಶಗಳಿಗೆ ಹರಿಯಿತು. ಅದೆಲ್ಲ ಸುರಕ್ಷಿತವಾಗೇನೂ ಇರಲಿಲ್ಲ. ಅಮೆರಿಕದ ಗೃಹಸಾಲದ ಪತ್ರಗಳಲ್ಲಿ ಹಣ ಹಾಕಿದ್ದ ಐಕೆಬಿ ಬ್ಯಾಂಕನ್ನು 2007ರಲ್ಲೇ ಸಾರ್ವಜನಿಕ ಹಣ ಸುರಿದು ಉಳಿಸಿಕೊಳ್ಳಬೇಕಾಯ್ತು.

ಮೂರನೆಯದು 2009ರಿಂದ 2019. 2009ರಲ್ಲಿ ರಫ್ತು ಕುಸಿದು ಜಿಡಿಪಿ ಶೇ. 5ಕ್ಕೂ ಹೆಚ್ಚು ಇಳಿಯಿತು. ಸರ್ಕಾರ ಹಳೇ ಕಾರು ಗುಜರಿಗೆ ಹಾಕಿ ಹೊಸದು ಕೊಂಡವರಿಗೆ 2,500 ಯೂರೋ ಕೊಟ್ಟಿತು. ಕೆಲಸದ ಗಂಟೆ ಕಡಿಮೆ ಮಾಡಿ, ಕಳೆದುಹೋದ ಸಂಬಳದ ಒಂದು ಭಾಗ ತುಂಬಿಕೊಡುವ 'ಕುರ್ಟ್ಸ್‌ಆರ್ಬೈಟ್' ವ್ಯವಸ್ಥೆಯಿಂದ ಲಕ್ಷಾಂತರ ಕೆಲಸ ಉಳಿದವು. ಆಮೇಲೆ ರಫ್ತು ಮತ್ತೆ ಎದ್ದು ನಿಂತಿತು, 2015ರ ಸುಮಾರಿಗೆ ವೆಚ್ಚದ ಅನುಪಾತ 92ರ ಹತ್ತಿರಕ್ಕೆ ಬಂತು. ಅದೇ ವರ್ಷ ಕನಿಷ್ಠ ವೇತನ ಕಾನೂನು ಜಾರಿಯಾಯ್ತು, ಗಂಟೆಗೆ 8.50 ಯೂರೋ.

ನಾಲ್ಕನೆಯದು 2020ರಿಂದ ಈಚೆಗೆ. ಕೋವಿಡ್ ಸಮಯದಲ್ಲಿ ಮನೆಗಳ ಖರ್ಚು ಬಿತ್ತು, ಸರ್ಕಾರದ ಖರ್ಚು ಏರಿತು. 2022ರಲ್ಲಿ ಉಕ್ರೇನ್ ಯುದ್ಧದಿಂದ ಗ್ಯಾಸ್ ಬೆಲೆ ಮುಗಿಲು ಮುಟ್ಟಿತು, ಹಣದುಬ್ಬರ ಶೇ. 6.9 ಆಯ್ತು, ಅನುಪಾತ ಒಂದೇ ಸಲಕ್ಕೆ 98ರ ಆಸುಪಾಸಿಗೆ ಏರಿತು.

ಇಲ್ಲಿ ಎರಡನೇ ಬಲೆ ಇದೆ, ಹುಷಾರು. ಅನುಪಾತ ಏರಿತು ಅಂದ್ರೆ ಜನ ಚೆನ್ನಾಗಿ ಖರ್ಚು ಮಾಡಿದರು ಅಂತಲ್ಲ. ಅದೇ ಗ್ಯಾಸಿಗೆ ಹೆಚ್ಚು ಹಣ ಕೊಟ್ಟರು, ಆ ಹಣ ಹೊರಗೆ ಹೋಯಿತು. ಆ ಚಳಿಗಾಲ ಇಲ್ಲಿದ್ದ ಸೀನಿಯರ್‌ಗಳನ್ನು ಕೇಳಿ ನೋಡಿ, ಹೀಟರ್ ಆರಿಸಿ ಎರಡು ಸ್ವೆಟರ್ ಹಾಕ್ಕೊಂಡು ಕೂತಿದ್ದ ಕಥೆ ಹೇಳ್ತಾರೆ. ಹಾಗಾಗಿ ಚಾಲ್ತಿ ಬೆಲೆಯ ಲೆಕ್ಕ ಮತ್ತು ಬೆಲೆ ಏರಿಕೆ ತೆಗೆದ ಲೆಕ್ಕ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಗ್ಯಾಸ್ ಬೆಲೆ ಇಳಿದಮೇಲೆ ಅನುಪಾತ ಮತ್ತೆ 96ರ ಆಸುಪಾಸಿಗೆ ಬಂತು.

ಅಪ್ಪನ ಪ್ರಶ್ನೆ

2024ರ ಸೆಪ್ಟೆಂಬರ್ 11ರ ಬೆಳಗಿನ ಜಾವ ಡ್ರೆಸ್ಡೆನ್‌ನ ಕರೋಲಾ ಸೇತುವೆಯ ಒಂದು ಭಾಗ ಎಲ್ಬೆ ನದಿಗೆ ಕುಸಿಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಅಪ್ಪ ಫೋನ್ ಮಾಡಿ ಕೇಳಿದರು, "ಏನೋ ಇದು, ಅಷ್ಟು ಶ್ರೀಮಂತ ದೇಶದಲ್ಲಿ ಸೇತುವೆ ರಿಪೇರಿಗೆ ದುಡ್ಡಿಲ್ವಾ?"

ಇಂಜಿನಿಯರ್ ಆಗಿ ಒಂದು ಮಾತು ಹೇಳಲೇಬೇಕು. ಆ ಸೇತುವೆಯಲ್ಲಿ ತಜ್ಞರು ಕಂಡದ್ದು ಒಳಗಿನ ಉಕ್ಕಿನ ತಂತಿಗಳಿಗೆ ಆಗಿದ್ದ ತುಕ್ಕಿನ ಬಿರುಕು. ಬರೀ ದುಡ್ಡಿನ ಕೊರತೆಯಿಂದಲೇ ಬಿತ್ತು ಅನ್ನೋದು ಸರಿಯಲ್ಲ. ಆದರೆ ಅಪ್ಪನ ಪ್ರಶ್ನೆ ತಪ್ಪಲ್ಲ. ನಮ್ಮ ಮೂರು ಬಗೆಯ ಖರ್ಚಿನಲ್ಲಿ ಜರ್ಮನಿಯಲ್ಲಿ ಸೊರಗಿದ್ದು ಮೂರನೆಯದು. ಹೂಡಿಕೆಯ ಪಾಲು ಕಾಲು ಭಾಗದಿಂದ ಐದನೇ ಒಂದು ಭಾಗದ ಆಸುಪಾಸಿಗೆ ಇಳಿಯಿತು. 2009ರಲ್ಲಿ ಸಂವಿಧಾನಕ್ಕೇ ಸೇರಿಸಿದ 'ಸಾಲದ ಬ್ರೇಕ್' ನಿಯಮದ ಪ್ರಕಾರ ಕೇಂದ್ರ ಸರ್ಕಾರದ ರಚನಾತ್ಮಕ ಕೊರತೆ ಜಿಡಿಪಿಯ ಶೇ. 0.35 ದಾಟಬಾರದು. ಸಾಲ ಹತೋಟಿಗೆ ಬಂತು ನಿಜ, ರಿಪೇರಿ ಮಾತ್ರ ಹಿಂದೆ ಬಿತ್ತು. ನಗರಸಭೆ, ಜಿಲ್ಲಾಡಳಿತಗಳು ಮಾಡಬೇಕಿದ್ದು ಬಾಕಿ ಉಳಿದ ಕೆಲಸದ ಮೌಲ್ಯವೇ ಸುಮಾರು 186 ಬಿಲಿಯನ್ ಯೂರೋ ಅಂತ ಸರ್ಕಾರಿ ಒಡೆತನದ ಕೆಎಫ್‌ಡಬ್ಲ್ಯು ಬ್ಯಾಂಕ್ 2024ರ ವರದಿಯಲ್ಲಿ ಅಂದಾಜು ಮಾಡಿತ್ತು. ನಮ್ಮ ಅಪ್ಪ ಅರ್ಥ ಮಾಡಿಕೊಂಡದ್ದು ಹೀಗೆ: "ಬ್ಯಾಂಕಿನಲ್ಲಿ ದುಡ್ಡಿಟ್ಟು ಮನೆ ಸೋರೋಕೆ ಬಿಟ್ಟ ಹಾಗೆ."

2025ರ ಮಾರ್ಚ್‌ನಲ್ಲಿ ಸಂಸತ್ತು ಆ ನಿಯಮ ಸಡಿಲಿಸಿತು. ರಕ್ಷಣೆಗೆ ಜಿಡಿಪಿಯ ಶೇ. 1 ಮೀರಿದ ಖರ್ಚಿಗೆ ಮಿತಿಯಿಂದ ವಿನಾಯಿತಿ ಸಿಕ್ಕಿತು. ಮೂಲಸೌಕರ್ಯಕ್ಕೆ 12 ವರ್ಷಗಳಲ್ಲಿ 500 ಬಿಲಿಯನ್ ಯೂರೋದ ವಿಶೇಷ ನಿಧಿ ಬಂತು. ಅಂದ್ರೆ ನಮ್ಮ ಗ್ರಾಫಿನ ಐದನೇ ಘಟ್ಟ ನಾವು ಇಲ್ಲಿ ಓದ್ತಿರುವಾಗಲೇ ಶುರುವಾಗಿದೆ.

ನಮಗೇನು?

ನನ್ನ ರೂಮ್‌ಮೇಟ್‌ಗೆ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಥೀಸಿಸ್ ಬಹುತೇಕ ಖಾತ್ರಿಯಾಗಿತ್ತು. ಕೊನೆ ಗಳಿಗೆಯಲ್ಲಿ "ಬಜೆಟ್ ಇಲ್ಲ" ಅಂತ ಮೇಲ್ ಬಂತು. ಒಂದು ವಾರ ಅವನು ಸರಿಯಾಗಿ ಊಟ ಮಾಡಲಿಲ್ಲ, ಯಾಕಂದ್ರೆ ಊರಿನಲ್ಲಿ ಸಾಲದ ಕಂತು ಶುರುವಾಗಲು ಎಂಟೇ ತಿಂಗಳು ಇತ್ತು. ನಮ್ಮಲ್ಲಿ ಎಷ್ಟೋ ಜನ ರಫ್ತಿನ ಜರ್ಮನಿಯನ್ನು ನಂಬಿ ಬಂದವರು. ಇನ್ನು ಮುಂದೆ ಹೊಸ ಹಣ ಹರಿಯುವುದು ರೈಲು, ಸೇತುವೆ, ವಿದ್ಯುತ್ ಜಾಲ, ರಕ್ಷಣೆಯ ಕಡೆಗೆ. ರಕ್ಷಣೆಯ ಎಷ್ಟೋ ಕೆಲಸಕ್ಕೆ ಭದ್ರತಾ ಪರಿಶೀಲನೆ ಬೇಕು, ನಮಗೆ ಅದು ಸುಲಭವಲ್ಲ. ಉಳಿದವುಗಳಲ್ಲಿ ಸೈಟಿನವರು, ನಗರಸಭೆಯವರ ಜೊತೆ ಮಾತಾಡಬೇಕು, ಇಂಗ್ಲಿಷ್ ಒಂದರಿಂದ ನಡೆಯಲ್ಲ. ಹೊಸದಾಗಿ ಬಂದವರಿಗೆ ನನ್ನ ಸಲಹೆ ಇಷ್ಟೇ: ಎರಡನೇ ಸೆಮಿಸ್ಟರ್ ಮುಗಿಯೋದ್ರೊಳಗೆ ಜರ್ಮನ್ ಬಿ1 ಮುಗಿಸಿ, ಥೀಸಿಸ್ ವಿಷಯ ಹುಡುಕುವಾಗ ಕಾರಿನ ಆಚೆಗೂ ನೋಡಿ. ನನ್ನ ರೂಮ್‌ಮೇಟ್ ಈಗ ರೈಲು ಹಳಿಗಳ ಕಂಪನದ ಮೇಲೆ ಥೀಸಿಸ್ ಮಾಡ್ತಿದ್ದಾನೆ.

ಒಂದು ಸಣ್ಣ ಲೆಕ್ಕ

ಒಂದು ದೇಶದ ಮನೆಗಳ ಖರ್ಚು 53, ಸರ್ಕಾರದ ಖರ್ಚು 22, ಹೂಡಿಕೆ 21, ರಫ್ತು 42, ಆಮದು 38 ಅಂದುಕೊಳ್ಳಿ. ಮೊದಲ ಮೂರನ್ನು ಕೂಡಿ, 96 ಬರುತ್ತೆ. ಅದು ಒಟ್ಟು ರಾಷ್ಟ್ರೀಯ ವೆಚ್ಚ. ಅದಕ್ಕೆ ರಫ್ತು ಸೇರಿಸಿ ಆಮದು ಕಳೆದರೆ 100, ಅದು ಜಿಡಿಪಿ. ಈಗ ಹೂಡಿಕೆಯನ್ನು 23 ಮಾಡಿ. ಆ ಹೆಚ್ಚುವರಿ 2ರಲ್ಲಿ 1ರಷ್ಟು ಯಂತ್ರ ಹೊರದೇಶದಿಂದ ಬಂದರೆ ಆಮದು 39 ಆಗುತ್ತೆ. ಹೊಸ ಜಿಡಿಪಿ ಎಷ್ಟು? ವೆಚ್ಚದ ಅನುಪಾತ ಎಷ್ಟು?

ಉತ್ತರ: ವೆಚ್ಚ 98, ಜಿಡಿಪಿ 101, ಅನುಪಾತ ಸುಮಾರು 97. ಖರ್ಚು 2 ಏರಿದರೂ ಉತ್ಪಾದನೆ ಏರಿದ್ದು 1 ಮಾತ್ರ. 500 ಬಿಲಿಯನ್ ಖರ್ಚಾದರೆ ಅಷ್ಟೂ ಇಲ್ಲಿನ ಕೆಲಸವಾಗಿ ಬದಲಾಗುತ್ತಾ ಅಂತ ಯಾರಾದರೂ ಕೇಳಿದರೆ, ಈ ಲೆಕ್ಕ ತೋರಿಸಿ.

ತಪ್ಪೇನಾದರೂ ಕಂಡರೆ ಯುಗಾದಿ ಊಟಕ್ಕೆ ಸೇರಿದಾಗ ಹೇಳಿ, ಒಬ್ಬಟ್ಟು ತಿಂತಾ ತಿದ್ದಿಕೊಳ್ತೇನೆ.